ಕಬ್ಬಿನ ಸಂಶೋಧನೆಯೂ ಸಕ್ಕರೆಯ ಕಾರಖಾನೆಯೂ

ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನೀರನ್ನು ಅವಲಂಬಿಸಿರುವ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಈ ನಾಲ್ಕು ತಾಲೂಕುಗಳಲ್ಲಿ ಕಬ್ಬು ಎಷ್ಟು ಹಬ್ಬಿರುವದೆಂಬುದನ್ನು ಇಲ್ಲಿಯ ಜಮೀನುದಾರರಿಗೆ ಬೇರೆಯವರು ಹೇಳಬೇಕಾಗಿಲ್ಲ. ಹಿಂದೆ ಜೋಳ, ಕಡಲೆ, ಹತ್ತಿಗಳನ್ನು ಬೆಳೆಯುತ್ತಿದ್ದ ಎರೆ ಹೊಲಗಳಿಗೆ ನೀರು ಬಂದಂತೆಲ್ಲ ಕಬ್ಬು ಬಂದಿತು. ಕಬ್ಬಿನ ಬೆನ್ನ ಹಿಂದೆಯೇ ಕಾರಖಾನೆಗಳು ಬಂದವು. ಬೆಲ್ಲದ ಪೇಟೆಯೆಂದು ಹೆಸರಾದ ಮಹಾಲಿಂಗಪುರದ ಹತ್ತಿರ ಸಮೀರವಾಡಿಯಲ್ಲಿ 1970ರ ದಶಕದಿಂದ ಸಕ್ಕರೆಯ ಕಾರಖಾನೆ ನಡೆದಿದೆ. ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಕವಿ ರನ್ನನ ಹೆಸರಿನಿಂದ ರೈತರ ಸಹಕಾರಿ ಕಾರಖಾನೆಯು ಸ್ಥಾಪಿತವಾಯಿತು. ಜಮಖಂಡಿ ತಾಲೂಕಿನ ಹಿರೇಪಡಸಲಗಿ, ಸಿದ್ದಾಪುರ, ಬೀಳಗಿ ತಾಲೂಕಿನ ಬಾಡಗಂಡಿ ಮೊದಲಾದ ಊರುಗಳೂ ಕಾರಖಾನೆಯ ಊರುಗಳಾದವು. ನೇಕಾರಿಕೆಗೆ ಹೆಸರಾದ ರಬಕವಿ, ಬನಹಟ್ಟಿಗಳ ಮಗ್ಗದ ಓಣಿಗಳನ್ನು ದಾಟಿದೊಡನೆ ಈಗ ಕಣ್ಣಿಗೆ ಬೀಳುವದು ಕಬ್ಬಿನ ಹೊಲವೇ.

ಕಾರಖಾನೆಗೂ ರೈತನಿಗೂ ಇರುವ ಸಂಬಂಧದ ಮಾತು ಬಂದರೆ ಎಲ್ಲರಿಗೂ ಮೊದಲು ನೆನಪಾಗುವದು ದರ ಮತ್ತು ಬಾಕಿ. 2025ರ ನವೆಂಬರ ತಿಂಗಳಿನಲ್ಲಿ ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ ನಡೆದ ದರದ ಚಳವಳಿಯು ಇನ್ನೂ ಯಾರಿಗೂ ಮರೆತಿಲ್ಲ. ಇಂಥ ಸಮಯದಲ್ಲಿ ಕೃಷಿ ವಿಶ್ವವಿದ್ಯಾಲಯದ ಸಂಶೋಧಕನೊಬ್ಬನು ಕಾರಖಾನೆಯ ಜೀಪಿನಿಂದ ಹೊಲದ ಬದುವಿನ ಮೇಲೆ ಇಳಿದರೆ, ಇವನು ಯಾರ ಕಡೆಯವನು ಎಂಬ ಸಂಶಯವು ಒಕ್ಕಲಿಗನಲ್ಲಿ ಹುಟ್ಟುವದು ಸಹಜವಾಗಿದೆ. ಸಂಶಯ ಪಡುವದರಲ್ಲಿ ತಪ್ಪಿಲ್ಲ. ಆದರೆ ಆ ಸಂಶೋಧಕನು ಕಾರಖಾನೆಯಿಂದ ಏನನ್ನು ಪಡೆಯುತ್ತಾನೆ, ಅದು ಅವನ ವಿದ್ಯೆಗೆ ಯಾಕೆ ಬೇಕು, ಅದರಲ್ಲಿ ರೈತನ ಪಾಲು ಯಾವದು ಎಂಬುದನ್ನು ಗ್ರಾಮದ ಮುಖಂಡರು ಅರಿತಿದ್ದರೆ ಸಂಶಯವನ್ನು ಎಲ್ಲಿ ಇಟ್ಟುಕೊಳ್ಳಬೇಕು, ಎಲ್ಲಿ ಬಿಡಬೇಕು ಎಂಬುದು ತಿಳಿಯುವದು.

ಮೊದಲು ಸಂಶೋಧಕನ ಕೊರತೆಯನ್ನು ನೋಡತಕ್ಕದ್ದು. ಧಾರವಾಡದ ಕೃಷಿ ವಿಶ್ವವಿದ್ಯಾಲಯವು 1986ರಲ್ಲಿ ಪ್ರತ್ಯೇಕವಾಗಿ ಸ್ಥಾಪಿತವಾಯಿತು. ಕಬ್ಬಿನ ವಿಷಯದಲ್ಲಿ ಅದರ ಮುಖ್ಯ ಸಂಶೋಧನಾ ಕೇಂದ್ರವು ಹುಕ್ಕೇರಿ ತಾಲೂಕಿನ ಸಂಕೇಶ್ವರದಲ್ಲಿದೆ. ಎಸ್‌ಎನ್‌ಕೆ ಎಂಬ ಅಕ್ಷರಗಳಿಂದ ಆರಂಭವಾಗುವ ತಳಿಗಳೆಲ್ಲ ಆ ಕೇಂದ್ರದವು. ಕಬ್ಬು ಎಲ್ಲ ಕಡೆಗೆ ಚೆನ್ನಾಗಿ ಹೂ ಬಿಡುವದಿಲ್ಲ, ಕೊಯಮತ್ತೂರಿನಲ್ಲಿ ಬಿಡುತ್ತದೆ. ಅದಕ್ಕಾಗಿ ದೇಶದ ನಾನಾ ಕೇಂದ್ರಗಳ ಪಂಡಿತರು ಅಲ್ಲಿಯ ಸಂಕರಣ ತೋಟದಲ್ಲಿ ತಮಗೆ ಬೇಕಾದ ತಾಯಿ ತಂದೆಗಳನ್ನು ಕೂಡಿಸಿ, ಅರಳೆಯಂತಿರುವ ಬೀಜವನ್ನು ತಮ್ಮ ಊರಿಗೆ ತರುವರು. ಆ ಬೀಜದಿಂದ ಎದ್ದ ಸಾವಿರಾರು ಸಸಿಗಳಲ್ಲಿ ವರ್ಷ ವರ್ಷಕ್ಕೆ ಜಳ್ಳನ್ನು ತೆಗೆಯುತ್ತ, ಕಡೆಗೆ ಒಂದೋ ಎರಡೋ ಉಳಿಯುವವು. ಕೋ 86032 ಎಂಬ ತಳಿಯನ್ನು ಇಲ್ಲಿ ಬೆಳೆಯದ ಊರಿಲ್ಲ. ಅದರ ಅಂಕಿಯಲ್ಲಿಯ 86 ಎಂಬುದು 1986ನೆಯ ವರ್ಷವನ್ನು ತೋರಿಸುತ್ತದೆ. ಅದು ರೈತರ ಉಪಯೋಗಕ್ಕೆಂದು ಅಧಿಕೃತವಾಗಿ ಬಿಡುಗಡೆಯಾದದ್ದು 2000ದಲ್ಲಿ. ನಡುವಿನ 14 ವರ್ಷಗಳು ಪರೀಕ್ಷೆಯಲ್ಲಿ ಹೋದವು.

ಇಷ್ಟು ಕಾಲ ಪರೀಕ್ಷಿಸಿದ ಮೇಲೆಯೂ ಸಂಶೋಧನಾ ಕೇಂದ್ರದ ಹೊಲವು ಒಂದೇ ಹೊಲವಾಗಿರುತ್ತದೆ. ಅದರ ಮಣ್ಣು ಒಂದು ತರಹದ್ದು, ನೀರು ಒಂದು ತರಹದ್ದು. ಕೆಲಸದವರು ಹೇಳಿದ ಹೊತ್ತಿಗೆ ಕಳೆ ತೆಗೆಯುವರು, ಗೊಬ್ಬರ ಹಾಕುವರು. ಕೃಷ್ಣೆಯ ದಂಡೆಯ ಆಳವಾದ ಎರೆ, ಬೀಳಗಿಯ ಕಡೆಯ ಮಸಾರಿ, ನೀರು ಹೆಚ್ಚಾಗಿ ಸವಳು ಏರಿದ ಘಟಪ್ರಭೆಯ ಬಯಲು, ಆಲಮಟ್ಟಿಯ ಹಿನ್ನೀರಿನ ಅಂಚಿಗೆ ಹೊಸದಾಗಿ ನೀರಾವರಿಯಾದ ಭೂಮಿ ಇವೆಲ್ಲವೂ ಆ ಒಂದು ಹೊಲದಲ್ಲಿ ಸೇರಲಾರವು. ತಡವಾಗಿ ಕಡಿದ ಕಬ್ಬು, ಮೂರನೆಯ ಕೂಳೆ, ರಾತ್ರಿಯ ವಿದ್ಯುತ್ತಿಗೆ ಕಾದು ಕೊಟ್ಟ ನೀರು ಇಂಥವುಗಳೂ ಅಲ್ಲಿ ಇರುವದಿಲ್ಲ. ಆದಕಾರಣ ಕೇಂದ್ರದಲ್ಲಿ ಉತ್ತಮವೆನಿಸಿದ ತಳಿಯು ರೈತನ ಹೊಲದಲ್ಲಿ ಹೇಗೆ ಬರುವದೆಂಬ ಪ್ರಶ್ನೆಗೆ ಸಂಶೋಧಕನು ತನ್ನ ಕಾಂಪೌಂಡಿನೊಳಗೆ ಕುಳಿತು ಉತ್ತರ ಹೇಳಲಾರನು. ಒಂದು ಕಾರಖಾನೆಯ ವ್ಯಾಪ್ತಿಯಲ್ಲಿ ಹತ್ತಾರು ಹಳ್ಳಿಗಳೂ ಸಾವಿರಾರು ಎಕರೆಗಳೂ ಇರುತ್ತವೆ. ಕೇಂದ್ರದ ಹೊಲದಲ್ಲಿಲ್ಲದ ಮಣ್ಣು, ನೀರು, ಕೂಳೆಗಳೆಲ್ಲ ಅಲ್ಲಿ ದೊರೆಯುವವು.

ವಿದ್ಯೆಯು ಉದ್ಯಮದ ಬಾಗಿಲಿಗೆ ಹೋಗಿ ಲಾಭ ಪಡೆದದ್ದು ಹೊಸ ಸಂಗತಿಯಲ್ಲ. 1856ರಲ್ಲಿ ಫ್ರಾನ್ಸ ದೇಶದ ಲಿಲ್ ಪಟ್ಟಣದಲ್ಲಿ ಬೀಟರೂಟಿನಿಂದ ಮದ್ಯಸಾರ ತೆಗೆಯುತ್ತಿದ್ದ ಬಿಗೋ ಎಂಬ ಉದ್ಯಮಿಯ ತೊಟ್ಟಿಗಳು ಹುಳಿತು ಕೆಡತೊಡಗಿದವು. ಅವನು ಅಲ್ಲಿಯ ವಿಜ್ಞಾನ ಶಾಲೆಯ ಮುಖ್ಯಸ್ಥನಾಗಿದ್ದ ಲೂಯಿ ಪಾಶ್ಚರನ ಬಳಿಗೆ ಹೋದನು. ಪಾಶ್ಚರನು ಸೂಕ್ಷ್ಮದರ್ಶಕವನ್ನು ಹಿಡಿದುಕೊಂಡು ಆ ತೊಟ್ಟಿಗಳ ರಸವನ್ನು ಪರೀಕ್ಷಿಸಿದನು. ಮರುವರ್ಷವೇ ಹುದುಗುವಿಕೆಯು ಸೂಕ್ಷ್ಮಜೀವಿಗಳ ಕೆಲಸವೆಂಬ ವಿಷಯದಲ್ಲಿ ಅವನ ಪ್ರಸಿದ್ಧ ಬರವಣಿಗೆಯು ಹೊರಬಿದ್ದಿತು. ಮದ್ಯಸಾರದವನ ತೊಂದರೆಯು ಎಷ್ಟರ ಮಟ್ಟಿಗೆ ನೀಗಿತೋ, ಪಾಶ್ಚರನಿಗೆ ಮಾತ್ರ ಜನ್ಮವಿಡೀ ಸಾಲುವಷ್ಟು ವಿಷಯ ಸಿಕ್ಕಿತು.

ಕಬ್ಬಿನ ಚರಿತ್ರೆಯಲ್ಲಿಯೇ ಇದಕ್ಕಿಂತ ಹತ್ತಿರದ ಉದಾಹರಣೆಯುಂಟು. ಜಾವಾ ದ್ವೀಪದಲ್ಲಿ 1880ರ ದಶಕದಲ್ಲಿ ಸೆರೆ ಎಂಬ ರೋಗವು ಕಬ್ಬನ್ನು ಹಾಳು ಮಾಡಲು, ಅಲ್ಲಿಯ ಸಕ್ಕರೆಯ ಉದ್ಯಮಿಗಳು ತಮ್ಮ ಹಣದಿಂದ ಸಂಶೋಧನಾ ಕೇಂದ್ರಗಳನ್ನು ತೆರೆದರು. ಪೂರ್ವ ಜಾವಾದ ಕೇಂದ್ರದಲ್ಲಿ ಯೆಸ್ವೀಟ್ ಎಂಬ ವಿದ್ವಾಂಸನು 1921ರಲ್ಲಿ ಪಿಓಜೆ 2878 ಎಂಬ ತಳಿಯನ್ನು ಪಡೆದನು. ರೋಗವೂ ಹಿಂದೆ ಸರಿಯಿತು, ಇಳುವರಿಯೂ ಏರಿತು. ಇತ್ತ ಕೊಯಮತ್ತೂರಿನಲ್ಲಿ ಸರಕಾರವು 1912ರಲ್ಲಿ ಕಬ್ಬಿನ ತಳಿ ಕೇಂದ್ರವನ್ನು ಸ್ಥಾಪಿಸಿದ್ದಿತು. ಅಲ್ಲಿ ಬಾರ್ಬರ ಮತ್ತು ಟಿ. ಎಸ್. ವೆಂಕಟರಾಮನ್ ಇವರು ರಸಗಬ್ಬನ್ನು ಕಾಡುಗಬ್ಬಿನೊಂದಿಗೆ ಕೂಡಿಸಿ ಕೋ ತಳಿಗಳನ್ನು ಹುಟ್ಟಿಸಿದರು. ಮುಂದೆ ಅದೇ ಕೇಂದ್ರದಲ್ಲಿ ಜಾವಾದ ಪಿಓಜೆ 2878 ಮತ್ತು ಕೋ 290 ಇವುಗಳ ಸಂಯೋಗದಿಂದ ಕೋ 419 ಹುಟ್ಟಿತು. ದಖ್ಖನದ ನೀರಾವರಿ ಪ್ರದೇಶಗಳಲ್ಲಿ ಅನೇಕ ವರ್ಷ ಆಳಿದ್ದು ಈ ಕೋ 419. ಇಲ್ಲಿಯ ಮುದುಕರು ಇನ್ನೂ ಅದರ ಹೆಸರನ್ನು ಹೇಳುತ್ತಾರೆ. ಹೀಗೆ ದೂರದ ಜಾವಾದ ಉದ್ಯಮಿಗಳು ತಮ್ಮ ಸ್ವಾರ್ಥಕ್ಕಾಗಿ ಸಾಕಿದ ವಿದ್ವಾಂಸನ ಶ್ರಮವು ಕೃಷ್ಣೆಯ ದಂಡೆಯ ಒಕ್ಕಲಿಗನ ಹೊಲಕ್ಕೆ ಬಂದಿತು. ಮೈಸೂರು ಸಂಸ್ಥಾನದಲ್ಲಿಯೂ 1933ರಲ್ಲಿ ಮಂಡ್ಯದ ಸಕ್ಕರೆಯ ಕಂಪನಿಯು ಹುಟ್ಟಿದಾಗ ಬೇಸಾಯದ ಖಾತೆಯ ಮುಖ್ಯಸ್ಥನಾಗಿದ್ದ ಡಾ. ಕೋಲ್ಮನ್ ಇವರ ಪ್ರಯತ್ನವು ಅದರ ಹಿಂದಿದ್ದಿತು.

ನಮ್ಮ ತಾಲೂಕುಗಳಲ್ಲಿ ಈ ಸಹಕಾರವು ಎಲ್ಲಕ್ಕಿಂತ ಹೆಚ್ಚಾಗಿ ಪರೀಕ್ಷೆಗೆ ಬಂದದ್ದು ಬಿಳಿ ಉಣ್ಣೆ ಹೇನಿನ ಕಾಲದಲ್ಲಿ. 2002ರ ಮಳೆಗಾಲದಲ್ಲಿ ಈ ಹೇನು ಸಾಂಗಲಿಯ ಕಡೆಗೆ ಕಾಣಿಸಿಕೊಂಡು, ಅದೇ ವರ್ಷ ಬೆಳಗಾವಿ, ಬಾಗಲಕೋಟೆ, ವಿಜಾಪುರ ಜಿಲ್ಲೆಗಳ ಕಬ್ಬಿಗೆ ಹರಡಿತು. ಎಲೆಯ ಕೆಳಮೈಗೆ ಸುಣ್ಣ ಬಳಿದಂತೆ ಹೇನು ಕೂಡುತ್ತಿದ್ದಿತು. ಅದು ಸುರಿಸುವ ಅಂಟು ಕೆಳಗಿನ ಎಲೆಗಳ ಮೇಲೆ ಬಿದ್ದು, ಅದರ ಮೇಲೆ ಕಾಡಿಗೆಯಂಥ ಬೂಷ್ಟು ಬೆಳೆದು, ಇಡೀ ಹೊಲವೇ ಕಪ್ಪಾಗುತ್ತಿದ್ದಿತು. ಕಬ್ಬಿನ ತೂಕವೂ ಇಳಿಯಿತು, ಸಕ್ಕರೆಯ ಅಂಶವೂ ಇಳಿಯಿತು. ಆಳೆತ್ತರಕ್ಕೆ ಬೆಳೆದ ಕಬ್ಬಿನೊಳಗೆ ಹೊಕ್ಕು ಔಷಧ ಸಿಂಪಡಿಸುವದು ಎಷ್ಟು ಕಷ್ಟವೆಂಬುದು ಸಿಂಪಡಿಸಿದವರಿಗೆ ಗೊತ್ತು. ಅಷ್ಟು ಮಾಡಿದರೂ ಒಂದು ಹೊಲದಲ್ಲಿ ಸತ್ತ ಹೇನು ನೆರೆಹೊಲದಿಂದ ಮತ್ತೆ ಬರುತ್ತಿದ್ದಿತು.

ವಿದ್ವಾಂಸರಿಗೆ ಈ ಹೇನು ಪುಸ್ತಕದಲ್ಲಿ ಗೊತ್ತಿದ್ದಿತು. 1897ರಷ್ಟು ಹಿಂದೆಯೇ ಝೆಂಟ್ನರ್ ಎಂಬ ಕೀಟಶಾಸ್ತ್ರಜ್ಞನು ಇದನ್ನು ಜಾವಾದ ಕಬ್ಬಿನಲ್ಲಿ ಗುರುತಿಸಿ ವರ್ಣಿಸಿದ್ದನು. ಭಾರತದ ಈಶಾನ್ಯ ಸೀಮೆಯಲ್ಲಿಯೂ ಅದು ಇದ್ದಿತು. ಆದರೆ ದಖ್ಖನದ ಬಿಸಿಲಿನಲ್ಲಿ ಅದು ಯಾವ ತಿಂಗಳಲ್ಲಿ ಏರುತ್ತದೆ, ಯಾವಾಗ ಇಳಿಯುತ್ತದೆ, ಯಾವ ತಳಿಯನ್ನು ಹೆಚ್ಚು ಹಿಡಿಯುತ್ತದೆ, ಅದನ್ನು ತಿನ್ನುವ ಹುಳಗಳು ಇಲ್ಲಿ ಯಾವವು ಎಂಬುದನ್ನು ಯಾರೂ ನೋಡಿರಲಿಲ್ಲ. ಇದನ್ನು ನೋಡಬೇಕಾದರೆ ನೂರಾರು ಹೊಲಗಳನ್ನು ವಾರ ವಾರಕ್ಕೆ ತಿರುಗಬೇಕು. ಧಾರವಾಡದ ಅಧ್ಯಾಪಕರ ಬಳಿಯಲ್ಲಿ ಅಷ್ಟು ಜನರಿಲ್ಲ. ಕಾರಖಾನೆಯ ಕಬ್ಬು ವಿಭಾಗದ ಬಳಿಯಲ್ಲಿ ಇದ್ದಾರೆ. ಪ್ರತಿ ಹೊಲದ ನಾಟಿಯ ತಾರೀಖು, ತಳಿ, ಕೂಳೆಯ ಲೆಕ್ಕಗಳನ್ನು ವಹಿಯಲ್ಲಿ ಬರೆದಿಟ್ಟುಕೊಂಡು ಬದು ಬದುವಿನ ಮೇಲೆ ತಿರುಗುವ ಫೀಲ್ಡಮನ್ನರೇ ಸಂಶೋಧಕರಿಗೆ ಕಣ್ಣು ಕಾಲುಗಳಾದರು.

ಹಾಗೆ ನೋಡುತ್ತ ಹೋದಾಗ ಹೇನಿನ ನಡುವೆಯೇ ಅದರ ಶತ್ರುಗಳು ಸಿಕ್ಕವು. ಡೀಫಾ ಎಂಬ ಪತಂಗದ ಮರಿಹುಳವು ಹೇನಿನ ಗುಂಪಿನಲ್ಲಿಯೇ ಗೂಡು ಕಟ್ಟಿ ಅವುಗಳನ್ನು ತಿನ್ನುತ್ತದೆ. ಮೈಕ್ರೋಮಸ್ ಎಂಬ ಕಂದು ಬಣ್ಣದ ಜಾಲರಿ ರೆಕ್ಕೆಯ ಕೀಟದ ಮರಿಯೂ ಅದೇ ಕೆಲಸ ಮಾಡುತ್ತದೆ. ಇವು ಹೊರಗಿನಿಂದ ತಂದವಲ್ಲ, ಔಷಧವನ್ನು ಮಿತಿಮೀರಿ ಹೊಡೆಯದ ಹೊಲಗಳಲ್ಲಿ ತಾವಾಗಿಯೇ ಇದ್ದವು. ಧಾರವಾಡದ ವಿಶ್ವವಿದ್ಯಾಲಯದವರೂ ಬೆಂಗಳೂರಿನ ಜೈವಿಕ ನಿಯಂತ್ರಣದ ಸಂಸ್ಥೆಯವರೂ ಇವುಗಳನ್ನು ಸಾಕಿ ಬೆಳೆಸುವ ಕ್ರಮಗಳನ್ನು ಗೊತ್ತುಮಾಡಿದರು. ಹೇನು ಹತ್ತಿದ ಕಬ್ಬಿನ ಮೇಲೆ ನೆರಳಿನ ಬಲೆಯ ಮನೆ ಕಟ್ಟಿ, ಅದರೊಳಗೆ ಈ ಹುಳಗಳನ್ನು ಬಿಟ್ಟು, ಹೆಚ್ಚಾದ ಮೇಲೆ ಎಲೆಯ ಸಮೇತ ಕತ್ತರಿಸಿ ಬೇರೆ ಹೊಲಗಳಿಗೆ ಒಯ್ದು ಕಟ್ಟುವದು ಈ ಕ್ರಮದ ತಿರುಳು. ಪ್ರಯೋಗಶಾಲೆಯ ಹತ್ತು ಪಂಜರಗಳಿಂದ ಜಿಲ್ಲೆಯ ಕಬ್ಬಿಗೆಲ್ಲ ಸಾಲುವಷ್ಟು ಹುಳಗಳು ಬರಲಾರವು. ಸಕ್ಕರೆಯ ಕಾರಖಾನೆಗಳು ಬಲೆಯ ಮನೆಗಳನ್ನು ಕಟ್ಟಿಸಿ, ಗಾಡಿಗಳನ್ನು ಕೊಟ್ಟು, ಹುಳಗಳನ್ನು ಹಂಚಿದ ಮೇಲೆಯೇ ಅದು ಕೈಗೂಡಿತು. ಮುಂದಿನ ವರ್ಷಗಳಲ್ಲಿ ಹೇನಿನ ಹಾವಳಿಯು ಇಳಿದು ಹೋಯಿತು. ಆ ಹತ್ತು ವರ್ಷಗಳಲ್ಲಿ ಧಾರವಾಡದ ಅನೇಕ ವಿದ್ಯಾರ್ಥಿಗಳು ಈ ಒಂದೇ ಹೇನಿನ ಮೇಲೆ ಪ್ರಬಂಧ ಬರೆದು ಪದವಿ ಪಡೆದರು. ರೈತನ ಕೇಡಿನಿಂದ ಪದವಿ ಗಳಿಸಿದರೆಂದು ಕೆಲವರು ನಗಬಹುದು. ಆದರೆ ಅದೇ ಹೇನು ಮತ್ತೆ ಎದ್ದರೆ ಏನು ಮಾಡಬೇಕೆಂದು ಬಲ್ಲವರು ಈಗ ನಾಡಿನಲ್ಲಿ ಇರುವದು ಆ ಪ್ರಬಂಧಗಳಿಂದಲೇ.

ಜನ ಮತ್ತು ಹೊಲಗಳಲ್ಲದೆ ಕಾರಖಾನೆಯಿಂದ ದೊರೆಯುವ ಇನ್ನೊಂದು ವಸ್ತುವು ಲೆಕ್ಕ. ಸಂಶೋಧನಾ ಕೇಂದ್ರದಲ್ಲಿ ಕೆಲವು ಜಲ್ಲೆಗಳನ್ನು ಚಿಕ್ಕ ಗಾಣದಲ್ಲಿ ಹಿಂಡಿ ರಸದ ಬ್ರಿಕ್ಸನ್ನೂ ಸಕ್ಕರೆಯ ಅಂಶವನ್ನೂ ನೋಡುತ್ತಾರೆ. ಕಾರಖಾನೆಯ ಕಾಟಾದ ಮೇಲೆ ದಿನಕ್ಕೆ ಸಾವಿರಾರು ಟನ್ನು ಕಬ್ಬು ತೂಗುತ್ತದೆ, ಅಲ್ಲಿಯ ಪ್ರಯೋಗಶಾಲೆಯು ಹಗಲು ರಾತ್ರಿ ರಸವನ್ನು ಪರೀಕ್ಷಿಸುತ್ತದೆ. ಯಾವ ಊರಿನ ಯಾವ ತಳಿಯು ಯಾವ ತಿಂಗಳಿನಲ್ಲಿ ಕಡಿದಾಗ ಎಷ್ಟು ತೂಗಿತೆಂಬುದು ಹತ್ತು ಹದಿನೈದು ಹಂಗಾಮುಗಳ ವಹಿಗಳಲ್ಲಿ ಬಿದ್ದಿರುತ್ತದೆ. ಮಳೆ ತಪ್ಪಿದ ವರ್ಷ, ನೆರೆ ಬಂದ ವರ್ಷ, ಕಡಿತ ತಡವಾದ ವರ್ಷ ಎಲ್ಲವೂ ಆ ವಹಿಯೊಳಗಿವೆ. ಇಂಥ ದೊಡ್ಡ ಪ್ರಯೋಗವನ್ನು ಸ್ವತಃ ಮಾಡಲು ಯಾವ ವಿಶ್ವವಿದ್ಯಾಲಯಕ್ಕೂ ಶಕ್ಯವಿಲ್ಲ.

ಕಾರಖಾನೆಯ ಅಂಗಳದಲ್ಲಿಯೇ ಸಂಶೋಧನೆಯು ಬೇರೂರಿದ ಉದಾಹರಣೆಯು ಸಮೀರವಾಡಿಯದು. ಅಲ್ಲಿ ಸೋಮಯ್ಯ ಮನೆತನದ ಉದ್ಯಮದವರು ಕೆ. ಜೆ. ಸೋಮಯ್ಯ ಅನ್ವಯಿಕ ಕೃಷಿ ಸಂಶೋಧನಾ ಸಂಸ್ಥೆಯನ್ನು ನಡೆಸಿದ್ದಾರೆ. ಅಖಿಲ ಭಾರತ ಕಬ್ಬು ಸಂಶೋಧನಾ ಯೋಜನೆಯವರು ದಕ್ಷಿಣದ ಕಬ್ಬಿನ ಸೀಮೆಗೆಂದು ಆರಿಸುವ ತಳಿಗಳು ಕೊಯಮತ್ತೂರು, ಪಾಡೆಗಾಂವ, ಮಂಡ್ಯ, ಸಂಕೇಶ್ವರಗಳಂತೆ ಸಮೀರವಾಡಿಯ ಮಣ್ಣಿನಲ್ಲಿಯೂ ಪರೀಕ್ಷೆಗೊಳಗಾಗುತ್ತ ಬಂದಿವೆ. ಪುಣೆಯ ಹತ್ತಿರದ ಮಾಂಜರಿಯಲ್ಲಿ 1975ರಲ್ಲಿ ಮಹಾರಾಷ್ಟ್ರದ ಸಹಕಾರಿ ಕಾರಖಾನೆಗಳು ಕೂಡಿ ಹುಟ್ಟಿಸಿದ ಸಂಸ್ಥೆಯು ಈಗ ವಸಂತದಾದಾ ಸಕ್ಕರೆ ಸಂಸ್ಥೆಯೆಂದು ಹೆಸರಾಗಿದೆ. ಅದಕ್ಕೆ ಸದಸ್ಯ ಕಾರಖಾನೆಗಳು ನುರಿಸಿದ ಕಬ್ಬಿನ ಟನ್ನಿನ ಮೇಲೆ ವಂತಿಗೆ ಕೊಡುತ್ತ ಬಂದಿವೆ. ವಂತಿಗೆಯು ಕಾರಖಾನೆಯ ಹೆಸರಿನಲ್ಲಿ ಹೋದರೂ ಸಹಕಾರಿ ಸಂಘದಲ್ಲಿ ಅದು ಕಡೆಗೆ ಸದಸ್ಯ ರೈತನ ಹಣವೇ.

ತಳಿಯನ್ನು ಆರಿಸಿದ ಮೇಲೆ ಬೀಜ ಹೆಚ್ಚಿಸುವ ಕೆಲಸವಿದೆ. ಧಾನ್ಯದ ಒಂದು ಕಾಳು ನೂರಾಗುವಂತೆ ಕಬ್ಬು ಆಗುವದಿಲ್ಲ. ಒಂದು ಎಕರೆಯ ಬೀಜದ ಕಬ್ಬಿನಿಂದ ಸಾಮಾನ್ಯವಾಗಿ ಎಂಟು ಹತ್ತು ಎಕರೆ ಮಾತ್ರ ನಾಟಿಯಾಗುವದು. ಕೇಂದ್ರದವರು ಕೊಡುವ ನಾಲ್ಕು ಗುಂಟೆಯ ಬೀಜವು ತಾಲೂಕಿಗೆ ಮುಟ್ಟಬೇಕಾದರೆ ಹಲವು ವರ್ಷ ಬೇಕು. ಒಂಟಿ ಕಣ್ಣಿನ ಸಸಿ, ಅಂಗಾಂಶ ಕೃಷಿಯ ಸಸಿಗಳಿಂದ ಈ ಕಾಲವು ಕಡಿಮೆಯಾಗುತ್ತದೆ, ಆದರೆ ಅದಕ್ಕೆ ಸಸಿಮನೆ ಬೇಕು, ಬಂಡವಾಳ ಬೇಕು. ಇದು ಕಾರಖಾನೆಗೆ ಸುಲಭ. ತಾನು ಹುಟ್ಟಿಸಿದ ತಳಿಯು ತನ್ನ ನಿವೃತ್ತಿಯ ಮೊದಲೇ ಹೊಲಗಳಲ್ಲಿ ನಿಂತದ್ದನ್ನು ನೋಡುವ ಭಾಗ್ಯವು ಸಂಶೋಧಕನಿಗೆ ಬರುವದು ಹೀಗೆ.

ಇಷ್ಟೆಲ್ಲ ಲಾಭಗಳಿರುವಲ್ಲಿ ಅಪಾಯವೂ ಇದೆ, ಅದನ್ನು ಮುಚ್ಚಿಡಬಾರದು. ಅನ್ನ ಕೊಟ್ಟವನ ಮಾತು ಕೇಳುವದು ಲೋಕರೂಢಿ. ಐರ್ಲಂಡಿನ ಡಬ್ಲಿನ್ ಪಟ್ಟಣದ ಗಿನ್ನೆಸ್ ಎಂಬ ಬಿಯರಿನ ಕಾರಖಾನೆಯಲ್ಲಿ ಗಾಸೆಟ್ ಎಂಬವನಿದ್ದನು. ಬಾರ್ಲಿಯ ಕೆಲವೇ ಪ್ರಯೋಗಗಳಿಂದ ನಂಬತಕ್ಕ ನಿರ್ಣಯವನ್ನು ಹೇಗೆ ತೆಗೆಯಬೇಕೆಂಬ ಕಾರಖಾನೆಯ ತೊಡಕನ್ನು ಬಿಡಿಸಲು ಅವನು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ ಹೋಗಿ ಕಾರ್ಲ್ ಪಿಯರ್ಸನ್ನನ ಬಳಿ ಅಭ್ಯಾಸ ಮಾಡಿ, 1908ರಲ್ಲಿ ಒಂದು ಗಣಿತದ ಸೂತ್ರವನ್ನು ಪ್ರಕಟಿಸಿದನು. ಇಂದು ಯಾವ ಕೃಷಿ ಕಾಲೇಜಿನ ವಿದ್ಯಾರ್ಥಿಯೂ ಆ ಪರೀಕ್ಷೆಯಿಲ್ಲದೆ ಪ್ರಬಂಧ ಬರೆಯಲಾರನು. ಆದರೆ ಕಾರಖಾನೆಯ ಕಟ್ಟಳೆಯಿಂದಾಗಿ ಅವನು ತನ್ನ ಹೆಸರನ್ನು ಹಾಕಲಾರದೆ ‘ಸ್ಟೂಡೆಂಟ್’ ಎಂದು ಸಹಿ ಮಾಡಬೇಕಾಯಿತು. ಹೆಸರು ಹೋದರೆ ಹೋಗಲಿ. ಫಲಿತಾಂಶವೇ ಬೀರುವಿನಲ್ಲಿ ಉಳಿದರೆ ರೈತನಿಗೆ ನಷ್ಟ.

ನಮ್ಮ ಸೀಮೆಯಲ್ಲಿ ಈ ತೊಡಕು ತಳಿಯ ಆಯ್ಕೆಯಲ್ಲಿ ಕಾಣುವದು. ಪಾಡೆಗಾಂವದ ಕೇಂದ್ರದಿಂದ ಬಂದು 2007ರಲ್ಲಿ ಬಿಡುಗಡೆಯಾದ ಕೋಎಂ 0265 ಎಂಬುದನ್ನು ಜನರು ಬರಿದೇ 265 ಎನ್ನುತ್ತಾರೆ. ಅದು ಸವಳು ಭೂಮಿಯನ್ನು ತಾಳುತ್ತದೆ, ಕೂಳೆ ಚೆನ್ನಾಗಿ ಬರುತ್ತದೆ, ತೂಕ ಹೆಚ್ಚು. ಆದ್ದರಿಂದ ಒಕ್ಕಲಿಗನಿಗೆ ಅದು ಪ್ರಿಯ. ಆದರೆ ಅದು ತಡವಾಗಿ ಪಕ್ವವಾಗುವದರಿಂದ ಹಂಗಾಮಿನ ಆರಂಭದಲ್ಲಿ ಕಡಿದರೆ ಸಕ್ಕರೆಯು ಕೋ 86032ರಷ್ಟು ಬರುವದಿಲ್ಲವೆಂದು ಕೆಲವು ಕಾರಖಾನೆಗಳು ಅದನ್ನು ಒಪ್ಪಿಕೊಳ್ಳಲು ಹಿಂಜರಿದವು. ತೂಕವು ರೈತನದು, ಸಕ್ಕರೆಯು ಕಾರಖಾನೆಯದು ಎಂದು ಇದನ್ನು ಬಿಟ್ಟುಬಿಡುವಂತಿಲ್ಲ. ಕೇಂದ್ರ ಸರಕಾರವು 2025-26ರ ಹಂಗಾಮಿಗೆ ಗೊತ್ತುಮಾಡಿದ ದರವು, ನೂರಕ್ಕೆ 10.25 ಸಕ್ಕರೆಯ ಇಳುವರಿಗೆ ಕ್ವಿಂಟಲಿಗೆ 355 ರೂಪಾಯಿ. ಇಳುವರಿಯು 0.1 ಏರಿದರೆ 3.46 ರೂಪಾಯಿ ಹೆಚ್ಚು, ಇಳಿದರೆ ಅಷ್ಟೇ ಕಡಿಮೆ, 9.5ಕ್ಕಿಂತ ಕೆಳಗೆ ಹೋದಲ್ಲಿ ಮಾತ್ರ 329.05 ರೂಪಾಯಿಗೆ ನಿಲ್ಲುವದು. ಈ ಇಳುವರಿಯು ಒಬ್ಬೊಬ್ಬ ರೈತನದಲ್ಲ, ಇಡೀ ಕಾರಖಾನೆಯ ಸರಾಸರಿ. ಒಬ್ಬನ ಸಿಹಿಗಬ್ಬೂ ಮತ್ತೊಬ್ಬನ ಸಪ್ಪೆಗಬ್ಬೂ ಒಂದೇ ಕಡಾಯಿಗೆ ಬೀಳುವವು. ಯಾವ ತಳಿಯನ್ನು ಯಾವ ಮಣ್ಣಿನಲ್ಲಿ ಹಚ್ಚಿ ಯಾವ ತಿಂಗಳಿಗೆ ಕಡಿದರೆ ಇಬ್ಬರಿಗೂ ಹಾನಿಯಾಗದೆಂಬುದನ್ನು ನಿರ್ಣಯಿಸಲು ಕಾರಖಾನೆಯವನೂ ರೈತನೂ ಅಲ್ಲದ ಮೂರನೆಯವನು ಬೇಕು. ಸಂಶೋಧಕನ ಸಂಬಳವು ವಿಶ್ವವಿದ್ಯಾಲಯದಿಂದ ಬಂದು, ಪ್ರಯೋಗದ ವೆಚ್ಚವು ಮಾತ್ರ ಕಾರಖಾನೆಯಿಂದ ಬರುವ ಏರ್ಪಾಡು ಈ ದೃಷ್ಟಿಯಿಂದ ಮೇಲು.

ಗ್ರಾಮದ ಮುಖಂಡರ ಕೆಲಸವು ಇಲ್ಲಿ ಬರುತ್ತದೆ. ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳುತನದಿಂದ ಕೃಷ್ಣಾತೀರದ ರೈತರು ತಾವೇ ವಂತಿಗೆ ಕೂಡಿಸಿ, ತಾವೇ ಮಣ್ಣು ಕಲ್ಲು ಹೊತ್ತು ಶ್ರಮಬಿಂದು ಸಾಗರವೆಂಬ ಬ್ಯಾರೇಜನ್ನು ಕಟ್ಟಿದರು. ಅಂಥವರ ಊರುಗಳಲ್ಲಿ ಹತ್ತು ಗುಂಟೆಯ ಪ್ರಯೋಗಕ್ಕೆ ಹೊಲ ಸಿಕ್ಕದೆ ಹೋಗುವದಿಲ್ಲ. ಆದರೆ ಅನೇಕ ಸಲ ಹೊಲ ಸಿಕ್ಕುವದು ರಸ್ತೆಯ ಬದಿಯಲ್ಲಿ, ಒಳ್ಳೆಯ ಎರೆಯಲ್ಲಿ, ನೀರಿನ ಅನುಕೂಲವುಳ್ಳ ದೊಡ್ಡ ರೈತನದು. ಅಲ್ಲಿ ಯಾವ ತಳಿಯಾದರೂ ಚೆನ್ನಾಗಿ ಬರುವದು; ಅದರಿಂದ ಸಂಶೋಧಕನು ಹೊಸದಾಗಿ ಏನನ್ನೂ ಕಲಿಯನು. ಸವಳು ಹತ್ತಿದ ಹೊಲ, ಕಾಲುವೆಯ ತುದಿಯ ಹೊಲ, ಮೂರನೆಯ ಕೂಳೆಯ ಹೊಲಗಳನ್ನು ತೋರಿಸಿ ಇಲ್ಲಿಯೂ ಒಂದು ಪಾತಿ ಹಚ್ಚಿರಿ ಎಂದು ಹೇಳುವದು ಊರನ್ನು ಬಲ್ಲವರಿಂದಲೇ ಆಗತಕ್ಕದ್ದು. ಹೊಸ ತಳಿಯ ಪಕ್ಕದಲ್ಲಿ ಊರಿನ ರೂಢಿಯ ತಳಿಯನ್ನೂ ಅದೇ ದಿನ, ಅದೇ ಗೊಬ್ಬರದಿಂದ ಹಚ್ಚಿಸಬೇಕು; ಇಲ್ಲವಾದರೆ ಹೋಲಿಸಲು ಏನೂ ಉಳಿಯದು.

ಪ್ರಯೋಗಕ್ಕೆ ಹೊಲ ಕೊಡುವ ಮೊದಲು ಕರಾರನ್ನು ಕಾಗದದ ಮೇಲೆ ಬರೆಸಿಕೊಳ್ಳುವದು ಒಳ್ಳೆಯದು. ಬೆಳೆ ಕೆಟ್ಟರೆ ನಷ್ಟವನ್ನು ಯಾರು ತುಂಬಬೇಕು, ಪ್ರಯೋಗದ ಕಬ್ಬನ್ನು ಯಾವ ತಾರೀಖಿನೊಳಗೆ ಕಡಿಯಬೇಕು, ಎರಡೂ ತಳಿಗಳನ್ನು ರೈತನ ಎದುರಿಗೆ ಬೇರೆ ಬೇರೆಯಾಗಿ ತೂಗಬೇಕು, ರಸದ ಪರೀಕ್ಷೆಯ ಅಂಕಿಗಳನ್ನು ಹಂಗಾಮು ಮುಗಿದ ಮೇಲೆ ಕನ್ನಡದಲ್ಲಿ ಬರೆದು ಗ್ರಾಮ ಪಂಚಾಯತಿಯ ಫಲಕಕ್ಕೆ ಅಂಟಿಸಬೇಕು ಎಂಬಿವು ಅದರಲ್ಲಿರಲಿ. ತೂಕದ ಚೀಟಿಯ ಒಂದು ಪ್ರತಿಯನ್ನು ರೈತನು ಇಟ್ಟುಕೊಳ್ಳಬೇಕು. ಕೂಳೆಯ ಫಲಿತಾಂಶವು ಮರುವರ್ಷ ಬರುವದರಿಂದ ಮೊದಲ ಕಟಾವಿನ ತೂಕವನ್ನು ನೋಡಿ ಇಡೀ ಹೊಲಕ್ಕೆ ತಳಿ ಬದಲಿಸಬಾರದು. ಪ್ರಯೋಗದ ಪಾತಿಯನ್ನು ಎರಡನೆಯ ಕಟಾವಿನವರೆಗೆ ಉಳಿಸಿಕೊಂಡು, ಬೀಜಕ್ಕೆ ಬೇಕಾದಷ್ಟು ಕಬ್ಬನ್ನು ಅದರಲ್ಲಿಯೇ ಹತ್ತು ಹನ್ನೊಂದು ತಿಂಗಳ ಎಳೆಯದಿರುವಾಗ ತೆಗೆದಿಟ್ಟುಕೊಳ್ಳತಕ್ಕದ್ದು.